ಟ್ಯೂಬ್ ತಿರುಗಿಸಿ ಓದಿ 🐾

ನಿಮ್ಮನೆ ಬೆಕ್ಕೂ ಕ್ರೀಮಿ ಟ್ರೀಟ್ ಟ್ಯೂಬ್ ಕಂಡ್ರೆ ಓಡಿಬರುತ್ತಾ? ನಮ್ಮ ಚಿನ್ನಿ ಹುಷಾರಿಲ್ಲದೆ ಊಟ ಬಿಟ್ಟಾಗ ಅದೊಂದನ್ನೇ ನೆಕ್ಕಿದಳು. "ಹೊಟ್ಟೆಗೆ ಏನೋ ಹೋಯ್ತಲ್ಲ" ಅಂತ ಎರಡು ದಿನ ಅದನ್ನೇ ಕೊಟ್ಟೆ.

ಡಾಕ್ಟರ್ ಬೈದರು: "ಅದರಲ್ಲಿ ಹೆಚ್ಚಿನದು ನೀರಮ್ಮ. ಬೆಕ್ಕು ಊಟ ಬಿಟ್ರೆ ಲಿವರ್‌ಗೇ ಹೊಡೆತ ಬೀಳಬಹುದು."

ಬ್ಯಾಲೆನ್ಸ್ ಶೀಟ್ ಸಾಲುಸಾಲು ಓದೋ ಬಿಕಾಂ ಹುಡುಗಿ ನಾನು, 14 ಗ್ರಾಂ ಟ್ಯೂಬಿನ ಬೆನ್ನು ಓದಿರಲಿಲ್ಲ!

ಈಗ ಓದ್ತೀನಿ. ನೀರು ಬಿಟ್ರೆ ಮೊದಲ ಹೆಸರು ಮೀನೋ ಕೋಳಿಯೋ ಇರಬೇಕು. ಈರುಳ್ಳಿ, ಬೆಳ್ಳುಳ್ಳಿ ಪುಡಿ ಇದ್ರೆ ಬೇಡವೇ ಬೇಡ, ಬೆಕ್ಕಿಗೆ ಅದು ವಿಷ. 'ಕಾಂಪ್ಲಿಮೆಂಟರಿ' ಅಂತಿದ್ರೆ ಅದು ಊಟ ಅಲ್ಲ. ದಿನದ ಕ್ಯಾಲರಿಯಲ್ಲಿ 10% ದಾಟಬಾರದು.

ಚಿನ್ನಿ ಈಗ ತಟ್ಟೆ ಖಾಲಿ ಮಾಡ್ತಾಳೆ. ಟ್ಯೂಬ್? ಮಾತ್ರೆ ನುಂಗಿಸೋಕೆ ಮಾತ್ರ.

ನಿಮ್ಮನೇದನ್ನೂ ಒಮ್ಮೆ ತಿರುಗಿಸಿ ನೋಡಿ.