ಪೇಟೆಂಟ್ ಇದೆ ಅಂತ ಶೇರು ಕೊಳ್ಳಬಹುದಾ?

ವ್ರಿಂಗೋ ಅಂತ ಒಂದು ಪುಟ್ಟ ಇಂಟರ್ನೆಟ್ ಕಂಪನಿ ಇತ್ತು. ಇಸ್ರೇಲಿನಲ್ಲಿ ಹುಟ್ಟಿ, 2010ರಲ್ಲಿ ಅಮೆರಿಕದ ಶೇರುಪೇಟೆಗೆ ಬಂದಿತ್ತು. ಫೋನ್ ಬಂದಾಗ ಬರೀ ಹಾಡಿನ ಬದಲು ವಿಡಿಯೋ ಮೂಡುವಂತೆ ಮಾಡುವುದು ಅದರ ಕಸುಬು. ವ್ಯಾಪಾರ ಕುದುರಲಿಲ್ಲ. 2012ರಲ್ಲಿ ಇನ್ನೊಂದು ಸಣ್ಣ ಕಂಪನಿಯ ಜೊತೆ ಸೇರಿಕೊಂಡಿತು. ಆ ಕಂಪನಿ ಹತ್ತಿರ ಮಾರಲು ಸರಕಿರಲಿಲ್ಲ. ಇದ್ದದ್ದು ಲೈಕೋಸ್ ಅನ್ನುವ ಹಳೆಯ ಸರ್ಚ್ ಕಂಪನಿಯಿಂದ 32 ಲಕ್ಷ ಡಾಲರಿಗೆ ಕೊಂಡಿದ್ದ ಪೇಟೆಂಟುಗಳು, ಮತ್ತು ಅವನ್ನು ಹಿಡಿದು ಗೂಗಲ್ ಮೇಲೆ ಹಾಕಿದ್ದ ಒಂದು ಕೇಸು.

ಈ ಕಥೆಯನ್ನು ನಾನು ಹುಡುಕಿಕೊಂಡು ಹೋಗಿದ್ದು ಚಿಕ್ಕಪ್ಪನ ಮಗನಿಂದಾಗಿ. ಅವನದು ರೇಷ್ಮೆ. ಶಿಡ್ಲಘಟ್ಟದಲ್ಲಿ ಗೂಡು ಮಾರಿ ಬಂದ ದುಡ್ಡು ಕೈಯಲ್ಲಿತ್ತು, ಫೋನಿನಲ್ಲಿ ಶೇರಿನ ಆ್ಯಪ್ ಇತ್ತು. "ಅಣ್ಣಾ, ಈ ಕಂಪನಿಗೆ ಪೇಟೆಂಟ್ ಇದೆಯಂತೆ. ಬೇರೆ ಯಾರೂ ಇವರ ಕೆಲಸ ಕಾಪಿ ಹೊಡೆಯೋಕಾಗಲ್ಲ. ಹಾಕ್ಬಿಡ್ಲಾ?" ಅಂತ ಕೇಳಿದ. ಪತ್ರಿಕೋದ್ಯಮ ಓದಿದವನಿಗೆ ಎಲ್ಲಾ ಗೊತ್ತಿರುತ್ತೆ ಅಂತ ನಮ್ಮ ಮನೆಯಲ್ಲೊಂದು ನಂಬಿಕೆ. ಹಾಕು ಅಂತಲೋ ಬೇಡ ಅಂತಲೋ ಹೇಳಲು ನಾನ್ಯಾರು? ಆದರೆ ಹುಳುವಿಗೆ ಸೊಪ್ಪು ಹಾಕಲು ನಡುರಾತ್ರಿ ಎದ್ದು ದುಡಿದ ದುಡ್ಡು ಅದು. ಸುಮ್ಮನಿರಲೂ ಆಗಲಿಲ್ಲ. ವ್ರಿಂಗೋ ಕಥೆ ಹೇಳಿದೆ.

ಗೂಗಲ್ ಜಾಹೀರಾತುಗಳನ್ನು ಆರಿಸಿ ತೋರಿಸುವ ವಿಧಾನ ನಮ್ಮ ಪೇಟೆಂಟಿನದು ಅಂತ ವ್ರಿಂಗೋ ವಾದ. ಗೂಗಲ್ ಮತ್ತು ಅದರ ಜೊತೆಗಿದ್ದ ಕಂಪನಿಗಳಿಂದ ಕೇಳಿದ ಪರಿಹಾರ ಸುಮಾರು 49 ಕೋಟಿ ಡಾಲರ್. ಜನ ಶೇರು ಕೊಂಡಿದ್ದು ವಿಡಿಯೋ ರಿಂಗ್‌ಟೋನ್ ನೋಡಿ ಅಲ್ಲ, ಈ ಕೇಸು ನೋಡಿ. 2012ರ ನವೆಂಬರಿನಲ್ಲಿ ವರ್ಜೀನಿಯಾದ ಕೋರ್ಟಿನಲ್ಲಿ ವ್ರಿಂಗೋ ಗೆದ್ದಿತು. ಆದರೆ ಸಿಕ್ಕಿದ್ದು ಸುಮಾರು 3 ಕೋಟಿ ಡಾಲರ್. ಮುಂದಿನ ಆದಾಯದಲ್ಲೂ ಗೂಗಲ್ ಪಾಲು ಕೊಡಬೇಕು ಅಂತ 2014ರ ಜನವರಿಯಲ್ಲಿ ಜಡ್ಜ್ ಆದೇಶ ಮಾಡಿದರು.

ಅದೇ ವರ್ಷ ಆಗಸ್ಟ್ 15ರಂದು ಮೇಲ್ಮನವಿ ಕೋರ್ಟಿನ ತೀರ್ಪು ಬಂತು. ಮೂವರು ಜಡ್ಜ್‌ಗಳಲ್ಲಿ ಇಬ್ಬರು, ಇದರಲ್ಲಿ ಹೊಸದೇನೂ ಇಲ್ಲ, ಆ ಕೆಲಸ ಬಲ್ಲ ಯಾರಿಗಾದರೂ ಹೊಳೆಯುವಂಥದ್ದೇ ಅಂದರು. ಅಲ್ಲಿಗೆ ಆ ಪೇಟೆಂಟಿನ ಹಕ್ಕು ಬಿದ್ದುಹೋಯಿತು. ಶೇರಿನ ಬೆಲೆ ಒಂದೇ ದಿನದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕುಸಿಯಿತು. ಮುಂದೆ ಆ ಕಂಪನಿ ಹೆಸರು ಬದಲಿಸಿ, ವಿಮಾನ ನಿಲ್ದಾಣಗಳಲ್ಲಿ ಮಸಾಜ್ ಮಾಡುವ ವ್ಯಾಪಾರ ಕೊಂಡುಕೊಂಡಿತು. ತಮಾಷೆಗೆ ಹೇಳುತ್ತಿಲ್ಲ.

ಪೇಟೆಂಟನ್ನು ಪಹಣಿ ಥರ ಅಂದುಕೊಳ್ಳಿ. ಪಹಣಿಯಲ್ಲಿ ಹೆಸರಿದ್ದರೆ ಮಳೆ ಬರುವುದಿಲ್ಲ, ಬೆಳೆಯೂ ಬರುವುದಿಲ್ಲ. ಪಕ್ಕದವನು ಬದು ಒತ್ತಿಕೊಂಡರೆ ಕೇಳುವ ಹಕ್ಕು ಬರುತ್ತದೆ, ಅಷ್ಟೇ. ಕೇಳಲು ವಕೀಲರ ಫೀಸು ಬೇಕು, ವರ್ಷಗಟ್ಟಲೆ ಅಲೆಯುವ ತಾಕತ್ತು ಬೇಕು. ಒತ್ತಿಕೊಂಡವನು ಗೂಗಲ್‌ನಂಥ ದೊಡ್ಡ ಕುಳವಾದರೆ ಕೇಳಲೇಬೇಡಿ. ಇಲ್ಲಿ ಇನ್ನೂ ಒಂದು ತೊಡಕಿದೆ. ಕೇಸು ಹಾಕಿದ ತಕ್ಷಣ ಎದುರಾಳಿ ಹೇಳುವ ಮೊದಲ ಮಾತೇ 'ನಿನ್ನ ಪೇಟೆಂಟೇ ಸರಿಯಿಲ್ಲ' ಅಂತ. ಅಂದರೆ ಬದು ಕೇಳಲು ಹೋದವನು ಇಡೀ ಹೊಲವನ್ನೇ ಪಣಕ್ಕಿಟ್ಟು ಹೋದ ಹಾಗೆ.

ಹಾಗಂತ ಪೇಟೆಂಟಿಗೆ ಬೆಲೆಯೇ ಇಲ್ಲ ಅನ್ನಲಾರೆ. ಓವರ್ಚರ್ ಕಥೆ ಬೇರೆ. 1998ರಲ್ಲಿ ಗೋಟು ಅನ್ನುವ ಹೆಸರಿನಲ್ಲಿ ಶುರುವಾದ ಸರ್ಚ್ ಕಂಪನಿ ಅದು. ಜಾಹೀರಾತುದಾರರು ಹರಾಜಿನಂತೆ ಬೆಲೆ ಕೂಗುವುದು, ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ದುಡ್ಡು ಕೊಡುವುದು, ಈ ಪದ್ಧತಿಯಲ್ಲಿ ಅವರು ನಿಜವಾಗಿ ಸಂಪಾದಿಸುತ್ತಿದ್ದರು. 2001ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, 2002ರಲ್ಲಿ ಗೂಗಲ್ ಮೇಲೆ ಕೇಸು ಹಾಕಿದರು. 2003ರಲ್ಲಿ ಯಾಹೂ ಸುಮಾರು 160 ಕೋಟಿ ಡಾಲರಿಗೆ ಓವರ್ಚರನ್ನೇ ಕೊಂಡಿತು. 2004ರ ಆಗಸ್ಟಿನಲ್ಲಿ ಗೂಗಲ್ ತನ್ನ ಶೇರುಗಳನ್ನು ಜನರಿಗೆ ಮಾರಲು ಹೊರಟಿತ್ತು. ತಲೆ ಮೇಲೆ ಕೇಸು ಇಟ್ಟುಕೊಂಡು ಹೋಗುವುದು ಅದಕ್ಕೆ ಬೇಡವಾಗಿತ್ತು. ಯಾಹೂಗೆ 27 ಲಕ್ಷ ಶೇರು ಕೊಟ್ಟು, ಇದನ್ನೂ ಇನ್ನೊಂದು ತಕರಾರನ್ನೂ ಒಟ್ಟಿಗೆ ಮುಗಿಸಿಕೊಂಡಿತು. ಆಗ ಒಂದು ಶೇರಿನ ಬೆಲೆ 85 ಡಾಲರ್.

ಓವರ್ಚರ್ ಹೊಲದಲ್ಲಿ ಬೆಳೆ ಇತ್ತು, ಪೇಟೆಂಟ್ ಅದಕ್ಕೆ ಬೇಲಿ. ವ್ರಿಂಗೋ ಹತ್ತಿರ ಇದ್ದದ್ದು ಹೆಚ್ಚುಕಡಿಮೆ ಬೇಲಿ ಮಾತ್ರ. ಅದರ ಶೇರು ಕೊಂಡವರು ಕಂಪನಿಯನ್ನಲ್ಲ, ಒಂದು ತೀರ್ಪನ್ನು ಮುಂಗಡವಾಗಿ ಕೊಂಡಿದ್ದರು ಅಂತ ನನಗನಿಸುತ್ತದೆ.

ನಮ್ಮ ದೇಶದಲ್ಲಿ ಇಂಟರ್ನೆಟ್ ಕಂಪನಿಗೆ ಈ ಬೇಲಿ ಇನ್ನೂ ತೆಳು. ಬರೀ ಕಂಪ್ಯೂಟರ್ ಪ್ರೋಗ್ರಾಂಗೆ, ವ್ಯಾಪಾರದ ವಿಧಾನಕ್ಕೆ ಪೇಟೆಂಟ್ ಇಲ್ಲ ಅಂತ ಪೇಟೆಂಟ್ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಪೇಟೆಂಟ್ ಕೊಟ್ಟರೂ ಅದು ಗಟ್ಟಿ ಅಂತ ಸರ್ಕಾರ ಖಾತ್ರಿ ಕೊಡುವುದಿಲ್ಲ. ಅದೂ ಕಾಯ್ದೆಯಲ್ಲೇ ಇದೆ, 13ನೇ ಕಲಮಿನಲ್ಲಿ. ಇನ್ನು 'ಪೇಟೆಂಟ್‌ಗೆ ಅರ್ಜಿ ಹಾಕಿದ್ದೇವೆ' ಅನ್ನುವ ಮಾತು. ಅರ್ಜಿ ಯಾರು ಬೇಕಾದರೂ ಹಾಕಬಹುದು. ಸೈಟಿಗೆ ಅರ್ಜಿ ಹಾಕಿದವರೆಲ್ಲ ಮನೆ ಕಟ್ಟಿದ್ದಾರಾ?

ತಮ್ಮನಿಗೆ ಮೂರು ಪ್ರಶ್ನೆ ಬರೆದುಕೊಟ್ಟೆ. ಪೇಟೆಂಟ್ ಕೈಗೆ ಬಂದಿದೆಯೋ, ಬರೀ ಅರ್ಜಿಯೋ? ಆ ಪೇಟೆಂಟಿನ ವಸ್ತುವನ್ನು ಇವತ್ತು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರಾ? ದೊಡ್ಡವರು ಕಾಪಿ ಹೊಡೆದರೆ ನಾಲ್ಕೈದು ವರ್ಷ ಕೋರ್ಟಿಗೆ ಅಲೆಯಲು ಇವರ ಹತ್ತಿರ ದುಡ್ಡಿದೆಯಾ? ಮೊದಲನೆಯದಕ್ಕೆ ಭಾರತದ ಪೇಟೆಂಟ್ ಕಚೇರಿಯ ವೆಬ್‌ಸೈಟ್ ಸಾಕು, ಅರ್ಜಿ ನಂಬರ್ ಹಾಕಿದರೆ ಪುಕ್ಕಟೆ ನೋಡಬಹುದು. ಅವನೇ ಕೂತು ನೋಡಿದ. ಅರ್ಜಿ ಇತ್ತು, ಪೇಟೆಂಟ್ ಇನ್ನೂ ಬಂದಿರಲಿಲ್ಲ. ಉಳಿದೆರಡಕ್ಕೆ ಕಂಪನಿಯ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿಕೊಂಡಿದ್ದಾನೆ. ಇಂಗ್ಲಿಷ್ ತೊಡಕಾದ ಕಡೆ ನನಗೆ ಫೋಟೋ ತೆಗೆದು ಕಳಿಸುತ್ತಾನೆ. ನಿನ್ನೆ ಕಳಿಸಿದ್ದು ನಷ್ಟದ ಲೆಕ್ಕವಿರುವ ಪುಟ.