ದನ ಕಾಯುವ ಸಿಲಬಸ್

ನಾವು ಓದುವ ಕಾಲಕ್ಕೆ ಕಲ್ಯಾಣದುರ್ಗದ ಮೇಷ್ಟ್ರುಗಳ ಬತ್ತಳಿಕೆಯಲ್ಲಿ ಹೆಚ್ಚು ಶಾಪಗಳಿರಲಿಲ್ಲ. ಇದ್ದದ್ದು ಒಂದೇ: ‘ನೀನು ದನ ಕಾಯೋಕೇ ಲಾಯಕ್ಕು.’ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತಿದ್ದ ನಮಗೆ ಅದು ಎರಡೂ ಭಾಷೆಯಲ್ಲಿ ಸಿಗುತ್ತಿತ್ತು. ಮಗ್ಗಿ ಮರೆತರೆ ದನ, ಲೆಕ್ಕ ತಪ್ಪಿದರೆ ಎಮ್ಮೆ, ಅಶೋಕನ ಅಪ್ಪ ಯಾರೆಂದು ಹೇಳದಿದ್ದರೆ ಕುರಿ. ಇದು ಶಾಪವೋ ವರವೋ ಎಂಬ ಅನುಮಾನ ನಮಗೆ ಆಗಲೇ ಇತ್ತು. ನಿಜವಾಗಿ ದನ ಕಾಯುತ್ತಿದ್ದ ಹುಡುಗರು ಸಂಜೆ ಜೇಬು ತುಂಬ ಕಾರೆಹಣ್ಣು, ಬಾರೆಹಣ್ಣು ತುಂಬಿಕೊಂಡು ಬರುತ್ತಿದ್ದರು. ನಾವು ಅಂಗೈ ಉಜ್ಜಿಕೊಂಡು ಬರುತ್ತಿದ್ದೆವು.

ಈಗ ಆ ಶಾಪಕ್ಕೆ ಸಿಲಬಸ್ ಬಂದಿದೆ. ನನ್ನ ತಂಗಿಯ ಮಗಳು, ಅಂದರೆ ನನ್ನ ಸೋದರಸೊಸೆ, ಬೆಂಗಳೂರಿನಲ್ಲಿ ಕೈತುಂಬ ಸಂಬಳದ ಕೆಲಸ ಬಿಟ್ಟು, ಎರಡು ಮಕ್ಕಳನ್ನೂ ಶಾಲೆ ಬಿಡಿಸಿ, ಮನೆಯಲ್ಲೇ ಕಲಿಸುತ್ತಿದ್ದಾಳೆ. ಕಳೆದ ವರ್ಷ ಜೂನ್ ಕೊನೆಗೆ ‘ನೇಚರ್ ಸ್ಟಡಿ’ ಅಂತ ನಮ್ಮೂರಿಗೆ ಬಂದಳು. ಕಾರಿನ ಡಿಕ್ಕಿಯಿಂದ ದುರ್ಬೀನು, ಭೂತಗನ್ನಡಿ, ಅಗಲ ಅಂಚಿನ ಟೋಪಿ, ಬಿಸಿಲಿಗೆ ಹಚ್ಚುವ ಕ್ರೀಮು, ಗೆರೆ ಇಲ್ಲದ ನೋಟ್‌ಬುಕ್ಕು ಒಂದೊಂದಾಗಿ ಇಳಿದವು. ನಮ್ಮಮ್ಮ ನನ್ನನ್ನು ಅಡುಗೆಮನೆಗೆ ಕರೆದು, ‘ಫೀಸು ಕಟ್ಟೋಕೆ ಆಗ್ಲಿಲ್ವೇನೋ? ನನ್ನ ಎರಡೆಳೆ ಸರ ಇದೆ, ಕೇಳಿನೋಡು’ ಅಂದಳು.

ಫೀಸಿನ ಪ್ರಶ್ನೆ ಅಲ್ಲ ಅಂತ ಅವಳಿಗೆ ತಿಳಿಸಿಹೇಳೋದು ಸುಲಭವಾಗಿರಲಿಲ್ಲ. ಮಕ್ಕಳು ದಿನಕ್ಕೆ ನಾಲ್ಕಾರು ಗಂಟೆ ಬಯಲಲ್ಲೇ ಇರಬೇಕು, ಕಂಡದ್ದನ್ನು ತಾವೇ ಬರೆದಿಡಬೇಕು ಅಂತ ಇಂಗ್ಲೆಂಡಿನ ಶಾರ್ಲೆಟ್ ಮೇಸನ್ ಎಂಬಾಕೆ ಹೇಳಿದ್ದಾಳೆ ಎಂದು ಸೊಸೆ ಒಂದು ಸಂಜೆ ವಿವರಿಸಿದಳು. ‘ಆಯಮ್ಮನಿಗೆ ಮಕ್ಕಳೆಷ್ಟು?’ ಅಂತ ಅಮ್ಮ ಕೇಳಿದಳು. ಮೇಸನ್ 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡಳು. ಮದುವೆ ಆಗಲೇ ಇಲ್ಲ. ಇದನ್ನು ಹೇಳಬಾರದಿತ್ತೋ ಏನೋ, ಸೊಸೆ ಪ್ರಾಮಾಣಿಕಳು, ಹೇಳಿಬಿಟ್ಟಳು. ‘ಅದಕ್ಕೇ ಮತ್ತೆ’ ಅಂತ ಅಮ್ಮ ಎದ್ದು ಒಲೆ ಕಡೆ ಹೋದಳು.

ಅವಳ ಮುಂದಿನ ಚಿಂತೆ ಪೊಲೀಸಿನವರದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವಯಸ್ಸಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅನ್ನುತ್ತದೆ. ಮನೆಯಲ್ಲೇ ಕಲಿಸುವವರ ಬಗ್ಗೆ ಬಾಯಿ ಬಿಡುವುದಿಲ್ಲ. ಈ ಮೌನದ ನೆರಳಲ್ಲೇ ಇಂಥ ಕುಟುಂಬಗಳ ಸಂಸಾರ ಸಾಗಿದೆ. ಹದಿನಾಲ್ಕು ತುಂಬಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯದಕ್ಕೆ ಕೂರಬಹುದು. ‘ಕೊನೆಗೆ ಪರೀಕ್ಷೆ ಇದೆ ತಾನೆ? ಹಂಗಾದ್ರೆ ಸರಿ’ ಅಂತ ಅಮ್ಮ ಆ ರಾತ್ರಿ ನೆಮ್ಮದಿಯಾಗಿ ಮಲಗಿದಳು. ನಾನು ಇನ್ನೊಂದಿಷ್ಟು ಧೈರ್ಯ ತುಂಬಲು ಶಿವರಾಮ ಕಾರಂತರನ್ನೂ ಎಳೆದು ತಂದಿದ್ದೆ. 1936ರಲ್ಲೇ ‘ಬಾಲಪ್ರಪಂಚ’ ಬರೆದವರು, ಪುತ್ತೂರಿನ ಬಾಲವನದಲ್ಲಿ ಸ್ವಂತ ಮಕ್ಕಳಿಗೆ ಮೊದಮೊದಲ ಪಾಠವನ್ನು ಮನೆಯಲ್ಲೇ ಹೇಳಿದವರು, ಅವರ ಮಗ ಉಲ್ಲಾಸ ಕಾರಂತರು ಈಗ ಹುಲಿ ವಿಜ್ಞಾನದಲ್ಲಿ ದೊಡ್ಡ ಹೆಸರು ಅಂತೆಲ್ಲ. ‘ಅಲ್ಲಿ ಅಪ್ಪ ಕಾರಂತರು ಕಣೋ’ ಅಂದಳು ಅಮ್ಮ. ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ; ಸೊಸೆಯ ಹತ್ತಿರವೂ ಇದ್ದಂತೆ ಕಾಣಲಿಲ್ಲ.

ವರ್ಷವಿಡೀ ಸುರಿದರೂ 550 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ‘ನೇಚರ್’ ಅಂದರೆ ಮಡಿಕೇರಿ, ಆಗುಂಬೆ ಅಂದುಕೊಂಡವರಿಗೆ ಇಲ್ಲಿ ಕಾಣೋದು ಕೆಂಪು ನೆಲ, ಬಂಡೆ, ಜಾಲಿ, ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರ. ಕಿರಿಯವನು ನೋಟ್‌ಬುಕ್ಕಿನಲ್ಲಿ ಮೊದಲು ಬರೆದದ್ದು ಗಾಳಿಯಂತ್ರದ ಚಿತ್ರವನ್ನೇ. ಅದು ಪ್ರಕೃತಿಯೋ ಅಲ್ಲವೋ ಎಂದು ತಾಯಿಮಕ್ಕಳಿಗೆ ಊಟ ಆರುವಷ್ಟು ಹೊತ್ತು ಚರ್ಚೆ ನಡೆಯಿತು. ಆ ಚರ್ಚೆ ಮುಗಿಸಿದ್ದು ಆರಿದ್ರ ಮಳೆ.

ಮಾರನೆಯ ಸಂಜೆ ಪಕ್ಕದ ಮನೆಯ ಹುಡುಗ ಶಾಲೆ ವ್ಯಾನಿನಿಂದ ಇಳಿದ. ಇಂಗ್ಲಿಷ್ ಮೀಡಿಯಂ, ಟೈ, ಬೂಟು, ಬೆನ್ನ ಮೇಲೆ ಅವನಿಗಿಂತ ದಪ್ಪದ ಚೀಲ. ಟೈ ಬಿಚ್ಚಿ ಜೇಬಿಗೆ ತುರುಕಿ, ನಮ್ಮ ಹಿತ್ತಲ ಆಚೆಗಿನ ಹೊಲದ ಬದುವಿನಲ್ಲಿ ಬಗ್ಗಿ ಏನನ್ನೋ ಎತ್ತಿ ಸೊಸೆಯ ಹಿರಿಮಗಳ ಅಂಗೈ ಮೇಲಿಟ್ಟ. ಕುಂಕುಮದಲ್ಲಿ ಅದ್ದಿ ತೆಗೆದ ಹತ್ತಿಬೀಜದ ಹಾಗಿತ್ತು. ‘ಆರಿದ್ರ ಹುಳ. ಮುಟ್ಟಿದ್ರೆ ಕಾಲು ಮುದುರ್ಕೊಂಡು ಸತ್ತಂಗೆ ಮಾಡ್ತದೆ. ಸುಮ್ನಿರು, ಎದ್ದು ನಡೀತದೆ.’ ಎದ್ದು ನಡೆಯಿತು. ಹುಡುಗಿ ಭೂತಗನ್ನಡಿ ಹಿಡಿದು ಕಾಲೆಣಿಸಿ, ‘ಎಂಟು! ಇದು ಕೀಟ ಅಲ್ಲ, ಜೇಡದ ಸಂಬಂಧಿ’ ಎಂದು ಸಾರಿದಳು. ಸಂಬಂಧ ಬೆಳೆಸೋದಕ್ಕೆ ಅವನಿಗೆ ಅಭ್ಯಂತರವಿರಲಿಲ್ಲ. ಬೆಂಕಿಪೊಟ್ಟಣದಲ್ಲಿ ಹಸಿಹುಲ್ಲು ಹಾಸಿ ಹುಳವನ್ನು ಕೂರಿಸಿದ. ಹುಡುಗಿ ಪುಸ್ತಕ ತೆರೆದು, ಅದು ಹುಲ್ಲು ತಿನ್ನೋದಿಲ್ಲ, ಗೆದ್ದಲು, ಹುಳುಗಳ ಮೊಟ್ಟೆ ತಿನ್ನುತ್ತದೆ ಅಂದಳು. ಇಬ್ಬರೂ ಗೆದ್ದಲು ಹುಡುಕುತ್ತ ಹೋಗಿ ನಮ್ಮ ಕೊಟ್ಟಿಗೆಯ ಬಾಗಿಲುವಾಡವನ್ನು ಅರ್ಧ ಕೆರೆದರು.

ಅದಕ್ಕೂ ದೊಡ್ಡ ಸಂಗತಿ ಆಮೇಲೆ ನಡೆಯಿತು. ಆ ಹುಳದ ಮರಿಗಳು ಕೀಟಗಳ ಮೈಗೆ ಅಂಟಿ ಬದುಕುತ್ತವೆ, ಅವಕ್ಕೆ ಆರೇ ಕಾಲು ಅಂತ ಪುಸ್ತಕದಲ್ಲಿತ್ತು. ಹುಡುಗಿ ಅದನ್ನು ಓದಿದ ಕೂಡಲೇ ಹುಡುಗ ಮಾತಾಡದೆ ಎದ್ದು ಹೋಗಿ ಒಂದು ಮಿಡತೆ ಹಿಡಿದು ತಂದ. ರೆಕ್ಕೆಯ ಬುಡದಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ಮಿಡತೆಗೆ ಬೊಟ್ಟು ಇರೋದು ಅವನಿಗೆ ಗೊತ್ತಿತ್ತು, ಬೊಟ್ಟು ಯಾರ ಮಕ್ಕಳೆಂದು ಗೊತ್ತಿರಲಿಲ್ಲ. ಅವಳಿಗೆ ಮಕ್ಕಳು ಗೊತ್ತಿದ್ದರು, ವಿಳಾಸ ಗೊತ್ತಿರಲಿಲ್ಲ. ಇಬ್ಬರೂ ಕುಣಿದರು. ನಾನೂ ಕುಣಿಯುತ್ತಿದ್ದೆ, ಮಂಡಿ ಒಪ್ಪಲಿಲ್ಲ. ಇಷ್ಟು ವರ್ಷ ಇದೇ ನೆಲದ ಮೇಲೆ ಓಡಾಡಿ, ಇದನ್ನು ಒಮ್ಮೆಯೂ ನನಗೆ ಯಾರೂ ತೋರಿಸಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಮಾತ್ರ ಆ ರಾತ್ರಿಯೆಲ್ಲ ಕಾಡಿತು.

ವಾರಕ್ಕೆಂದು ಬಂದವರು ಆಗಸ್ಟಿನವರೆಗೂ ಉಳಿದರು. ಹಾಜರಿ ಕೂಗುವವರಿಲ್ಲದ ಸುಖ ಅದು. ಅಷ್ಟು ಹೊತ್ತಿಗೆ ಕಡ್ಲೆಕಾಯಿ ಗಿಡ ಹಳದಿ ಹೂ ಬಿಟ್ಟು, ಬಾಡಿದ ಹೂವಿನ ಬುಡದಿಂದ ಸೂಜಿ ಇಳಿಸಿ ನೆಲ ಚುಚ್ಚುತ್ತಿತ್ತು. ಹೂವು ಮೇಲೆ, ಕಾಯಿ ಮಣ್ಣೊಳಗೆ. ಬೆಂಗಳೂರಿನ ಮಕ್ಕಳು ಮಣ್ಣಿಗೆ ಕೆನ್ನೆ ಹಚ್ಚಿ ಮಲಗಿ ಇದನ್ನು ನೋಡುತ್ತಿದ್ದರೆ, ಹೊಲದ ಯಜಮಾನ, ಅಂದರೆ ಆ ಹುಡುಗನ ಅಪ್ಪ, ಬದುವಿನ ಮೇಲೆ ನಿಂತು ನನ್ನನ್ನು ಕೇಳಿದ: ‘ಈ ಬೆಳೆ ಮಾರಿ ನಾನು ಮಗನ ಫೀಸು ಕಟ್ಟೋದು, ಅವನು ಈ ಮಣ್ಣಿಗೆ ಬೀಳಬಾರದು ಅಂತ. ಇವರು ಅಲ್ಲಿಂದ ಪೆಟ್ರೋಲು ಸುಟ್ಕೊಂಡು ಬಂದು ಬಿದ್ದವ್ರೆ. ನಮ್ಮಿಬ್ಬರಲ್ಲಿ ಹುಚ್ಚರು ಯಾರು ಸಾರ್?’ ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜಕ್ಕೂ ತಿಳಿಯಬೇಕಾಗಿತ್ತು ಅವನಿಗೆ.

ಶಾಲೆಯೂ ಮಣ್ಣೂ ಕೂಡಿಬಂದ ಒಂದು ಜಾಗ ನಮ್ಮ ಸೀಮೆಯಲ್ಲೇ ಇದೆ. ಚೆನ್ನೆಕೊತ್ತಪಲ್ಲಿ ಬಳಿ 1990ರಲ್ಲಿ 32 ಎಕರೆ ಬರಡು ನೆಲದ ಮೇಲೆ ಶುರುವಾದ ಟಿಂಬಕ್ಟು ಕಲೆಕ್ಟಿವ್ ಎಂಬ ಸಂಸ್ಥೆ. ಅಲ್ಲಿನ ‘ಪ್ರಕೃತಿ ಬಡಿ’ ಎಂಬ ಶಾಲೆ ನಡೆದದ್ದು ಸುತ್ತಲಿನ ಹಳ್ಳಿಗಳ ಬಡವರ ಮಕ್ಕಳಿಗಾಗಿ. ಹಳ್ಳಿಯವರ ಜತೆ ಸೇರಿ ಅವರು ಕಾಪಾಡಿದ ಕಲ್ಪವಲ್ಲಿ ಕಾಡು ಈಗ 7,000 ಎಕರೆ ಮೀರಿದೆ. ಬೋಳು ಗುಡ್ಡಗಳಲ್ಲಿ ಈಚಲು ತಾನಾಗಿ ಎದ್ದಿದೆ, ತೋಳ ಓಡಾಡುತ್ತದೆ. ಇದನ್ನು ಆ ಅಪ್ಪನಿಗೆ ಹೇಳಿದೆ. ‘ಅಲ್ಲಿ ಇಂಗ್ಲಿಷ್ ಹೇಳಿಕೊಡ್ತಾರಾ?’ ಅಂದ.

ಇಂಗ್ಲಿಷಿನ ವ್ಯವಸ್ಥೆ ಕೊನೆಗೆ ಅವನ ಹೆಂಡತಿಯೇ ಮಾಡಿದಳು. ಒಂದು ಸಂಜೆ ಮೊರದ ತುಂಬ ಹಸಿ ಅಲಸಂದೆ ತಂದಿಟ್ಟು, ‘ಹುಳ ಎಷ್ಟು ಬೇಕಾದ್ರೂ ನಮ್ಮವನು ತೋರಿಸ್ತಾನೆ. ಇವನಿಗೆ ದಿನಾ ಒಂದು ಗಂಟೆ ಇಂಗ್ಲಿಷ್ ಮಾತಾಡೋದು ಹೇಳ್ಕೊಡಮ್ಮಾ’ ಎಂದು ಸೊಸೆಗೆ ಹೇಳಿದಳು. ಒಪ್ಪಂದವಾಯಿತು. ಹುಡುಗ ಇಂಗ್ಲಿಷಿನಲ್ಲಿ ಎಷ್ಟು ಮುಂದೆ ಹೋದನೋ ಕಾಣೆ, ನಮ್ಮ ಮಕ್ಕಳು ಮಾತ್ರ ತೆಲುಗು ಬೈಗುಳದಲ್ಲಿ ಪಾಸಾದರು.

ಹೊರಡುವ ಹಿಂದಿನ ದಿನ ಸೊಸೆ ಮುಂದಿನ ಪಾಠದ ಯೋಜನೆ ಹಾಕಿದಳು. ಹಿಂದೂಪುರದ ಆಚೆ, ಚಿಲಮತ್ತೂರಿನ ಹತ್ತಿರ ವೀರಾಪುರವಿದೆ; ಊರೊಳಗಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಮನೆಮಕ್ಕಳ ಹಾಗೆ ಕಾಯುತ್ತಾರೆ. ಮಾರ್ಚಿಯಲ್ಲಿ ಹೋಗೋಣ ಅಂದಳು. ಮಾರ್ಚಿಯಲ್ಲಿ ಇವನಿಗೆ ಪರೀಕ್ಷೆ ಹತ್ತಿರ ಬಂದಿರುತ್ತೆ ಎಂದು ಹುಡುಗನ ತಾಯಿ ಬೇಲಿ ಆಚೆಯಿಂದಲೇ ಹೇಳಿದಳು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ನನ್ನನ್ನು ಕೇಳಿದ:

‘ಏಪ್ರಿಲ್ ಕೊನೆಗೆ ನಮಗೆ ರಜಾ. ಅಲ್ಲೀವರೆಗೂ ಕೊಕ್ಕರೆ ಇರ್ತಾವಾ ತಾತ?’

‘ಇರ್ತಾವೆ. ಮರಿ ಹಾರೋವರೆಗೂ ಎಲ್ಲಿಗೂ ಹೋಗಲ್ಲ.’

‘ಮತ್ತೆ ಬಸ್ ಚಾರ್ಜು ಯಾರು ಕೊಡ್ತಾರೆ?’