25 ಸೆಂಟಿಮೀಟರ್ ಅಂದ್ರ ಯಾವಾಗಿಂದು?

"ರೋಬಾಟ್ 25 ಸೆಂ.ಮೀ. ಉದ್ದ, ಅಗಲ, ಎತ್ತರದೊಳಗೆ ಇರತಕ್ಕದ್ದು." ಬರದಿದ್ದು ಇಷ್ಟ ನೋಡ್ರಿ. ಈ ಒಂದು ಸಾಲು ನಮ್ಮ ಮನ್ಯಾಗ ಹದಿನೈದು ದಿನ ಜಗಳ ಹಚ್ಚಿತ್ತು.

ಎಂಟನೇತ್ತೆ ಓದೂ ನಮ್ಮ ಹುಡುಗ, ಅವನ ಇಬ್ರು ಗೆಳ್ಯಾರು ಸೇರಿ ಜಿಲ್ಲಾದಾಗಿನ ಒಂದು ಸ್ಪರ್ಧೆಗೆ ರೋಬಾಟ್ ಕಟ್ಟಾಕ ಹತ್ತಿದ್ರು. ನೆಲದ ಮ್ಯಾಲಿನ ಕಟಗಿ ತುಂಡು ಎತ್ತಿ 30 ಸೆಂ.ಮೀ. ಎತ್ತರದ ಗ್ವಾಡಿ ಮ್ಯಾಲ ಇಡೂದು ಅದರ ಕೆಲಸ. ನಮ್ಮ ಹುಡುಗನ ತಲ್ಯಾಗ ಬಂದಿದ್ದು ಮಡಚೂ ಕೈ. ಹೊಂಡೂಮುಂದ ಮಡಚಿರಬೇಕು, ಗ್ವಾಡಿ ಹತ್ರ ಹೋಗಿ ಚಾಚಬೇಕು. ಇದು ಅವನಿಗೆ ಹೊಳದಿದ್ದು ನಮ್ಮ ಡ್ಯಾಮಿನಿಂದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 33 ಗೇಟಿನಾಗ 19ನೇದು ಚೈನ್ ಹರದು ಕೊಚ್ಚಿಗೊಂಡು ಹೋತಲ್ರಿ, ಆ ವಾರ ಹರಿಯೂ ನೀರಾಗ ಕ್ರೇನಿನಿಂದ ಸ್ಟಾಪ್‌ಲಾಗ್ ಇಳಿಸೂದನ್ನ ಟಿವ್ಯಾಗ ಊಟ ಬಿಟ್ಟು ನೋಡಿದ್ದ.

"ಗ್ವಾಡಿ 30 ಇಟ್ಟಾರಂದ್ರ ಕೈ ಚಾಚೂದಕ್ಕ ಒಪ್ಪಿದಂಗ ಆತಿಲ್ಲ?" ಅಂತ ಇವನು. "ಇಲ್ಲಲೇ, ತುಂಡು ಒಗಿಯೂ ರೋಬಾಟ್ ಮಾಡ್ಲಿ ಅಂತ ಹಂಗ ಇಟ್ಟಾರ" ಅಂತ ಅವನ ಗೆಳ್ಯಾ. ಇಬ್ಬರದೂ ಖರೇನ ಅನಸ್ತಿತ್ತು. ಬರದವರ ಮನಸಿನ್ಯಾಗ ಏನಿತ್ತು ಅಂತ ಊಹಿಸಾಕ ಹೋದ್ರ ಎಲ್ಲಾರಿಗೂ ತಮಗ ಬೇಕಾದ್ದ ಕಾಣತೈತಿ.

ನಾನು ಮನ್ಯಾಗ ಬ್ಲೌಸು ಹೊಲಿತೀನ್ರಿ. ಲೈನಿಂಗ್ ಅರಿವಿ ಅಳತಿ ನೀರಿಗೆ ಹಾಕೂಕಿಂತ ಮೊದಲಿಂದೋ, ಹಾಕಿ ಒಣಗಿಸಿದ ಮ್ಯಾಲಿಂದೋ ಅಂತ ಖಾತ್ರಿ ಆಗೂತನಾ ಕತ್ತರಿ ಹಚ್ಚಂಗಿಲ್ಲ. ಅದಕ್ಕ ನನಗ ಮೊದ್ಲು ಬಂದ ಪ್ರಶ್ನಿನೂ ಅದ: 25 ಅಂದ್ರ ಯಾವಾಗಿಂದು? ನಿಂತಾಗಿಂದೋ, ಓಡೂಮುಂದಿಂದೋ?

ದೊಡ್ಡ ಸ್ಪರ್ಧೆಗಳ ನಿಯಮದ ಪುಸ್ತಕ ಫೋನಿನ್ಯಾಗ ಸಿಗತಾವ. ಕುಂತು ಓದಿದ್ವಿ. ವರ್ಲ್ಡ್ ರೋಬಾಟ್ ಒಲಿಂಪಿಯಾಡ್‌ನ ರೋಬೋಮಿಷನ್ದಾಗ ಇದನ್ನ ಬಿಚ್ಚಿ ಬರದಾರ: ಓಟ ಚಾಲೂ ಆಗೂಕಿಂತ ಮೊದ್ಲು ಉದ್ದ, ಅಗಲ, ಎತ್ತರ 250 ಮಿ.ಮೀ. ದಾಟಬಾರದು, ವೈರೂ ಅದರಾಗ ಬಂತು, ಚಾಲೂ ಆದಮ್ಯಾಲ ಎಷ್ಟರ ಚಾಚ್ರಿ. ನಮ್ಮವರು ಅಲ್ಲಿಂದ ಅರ್ಧ ಸಾಲು ಎತ್ತಿರಬೇಕು ಅಂತ ನನಗ ಗುಮಾನಿ. ಸಣ್ಣ ಹುಡುಗರ ಫಸ್ಟ್ ಲೆಗೊ ಲೀಗಿಂದು ತಾಯಿ ಕರುಳು. ತೀರ್ಪು ಹೇಳೂದು ಕಷ್ಟ ಆದಾಗ ಸಂಶಯದ ಲಾಭ ತಂಡಕ್ಕ. ಅದ ಸಂಸ್ಥೆಯ ದೊಡ್ಡ ಹುಡುಗರ ಫಸ್ಟ್ ರೊಬೊಟಿಕ್ಸ್ ಕಾಂಪಿಟಿಷನ್ನಿಂದು ಉಲ್ಟಾ. ಬರದಿದ್ದು ಏನೈತಿ ಅಷ್ಟ ಅರ್ಥ, ನಮ್ಮ ಉದ್ದೇಶ ಇದಿರಬೇಕು ಅಂತ ನೀವು ಊಹಾ ಕಟ್ಟಬ್ಯಾಡ್ರಿ ಅಂತಾರ. ಒಂದ ಸಾಲು, ಓದೂ ರೀತಿ ಮೂರು. ನಮ್ಮ ಸ್ಪರ್ಧಾದವರು ಯಾವ ರೀತಿಯವರು ಅಂತ ಕಾಗದದಾಗ ಎಲ್ಲೂ ಇರಲಿಲ್ಲ.

ಕೇಳಿಬಿಡ್ರಿ ಅಂದೆ. ಆವಾಗ ಶುರು ಆತು ಖರೇ ಜಗಳ.

"ಯವ್ವಾ, ಕೇಳಿದ್ರ ಉತ್ತರ ಎಲ್ಲಾ ತಂಡಕ್ಕೂ ಕಳಸ್ತಾರ. ನಮ್ಮ ಕೈ ಎಲ್ಲಾರಿಗೂ ಗೊತ್ತಾಗತೈತಿ. ಮ್ಯಾಲ ಅವರು ಬ್ಯಾಡ ಅಂದ್ರ?" ಅಂದ. ಕೇಳಲಾರದ ಹೋಗಿ, ಅಲ್ಲಿ ತಪಾಸಣಿ ಟೇಬಲ್ಲಿನ ಮುಂದ ವಾದ ಮಾಡೂದು ಅವನ ಲೆಕ್ಕ. ಅವರ ಸರ್ ಸೈತ ಹೂಂ ಅಂದಿದ್ರಂತ. ಅಲ್ಲೇ ಬಾಜೂಕ ಕುಂತು ಪೇಪರ್ ಓದಾಕತ್ತಿದ್ದ ನಮ್ಮ ಮಾವನೋರು, ಡ್ಯಾಮಿನ ಗೇಟಿನ ಕೆಲಸದಾಗ ಇದ್ದು ರಿಟೈರ್ ಆದವರು, ಕನ್ನಡಕ ತಗದು ಅಂದ್ರು: "ತಮ್ಮಾ, ಎರಡು ತಿಂಗಳು ಕಟ್ಟಿದ್ದನ್ನ ಒಬ್ಬನ ನಾಲಿಗಿ ಮ್ಯಾಲ ಇಡ್ತಿಯೇನು? ಕಾಗದದ ಮ್ಯಾಲ ತಗೋ."

ಹುಡುಗನ ಅಂಜಿಕಿನೂ ಸುಳ್ಳಲ್ಲ. ಹೊಳದಿದ್ದು ಅದೊಂದ, ಅದನ್ನ ಊರ ಮುಂದ ಹಾಸಬೇಕಂದ್ರ ಹೊಟ್ಟಿ ಚುರ್ ಅಂತೈತಿ. ನಡೂ ದಾರಿ ಸಿಕ್ಕಿದ್ದು ಆ ಫಸ್ಟ್‌ನವರ ಪುಸ್ತಕದಾಗನ. ನಿಮ್ಮ ಯಂತ್ರ ನಡಿತೈತೋ ಇಲ್ಲೋ ಅಂತ ನಾವು ನೋಡಿ ಹೇಳಂಗಿಲ್ಲ, ನಿಯಮದ ಬಗ್ಗೆ ಕೇಳ್ರಿ ಅಂತಾರ ಅವರು. ಅಂದ್ರ ಪ್ರಶ್ನಿದಾಗ ನಮ್ಮ ರೋಬಾಟಿನ ಸುದ್ದಿನ ಬೇಕಿಲ್ಲ! ಹುಡುಗ ಮೊದ್ಲು ಬರದಿದ್ದು "ನಮ್ಮ ರೋಬಾಟಿನ ಮಡಚೂ ಕೈ ಚಾಚಿದ್ರ 41 ಸೆಂ.ಮೀ. ಆಗತೈತಿ, ನಡಿತೈತೇನ್ರಿ?" ಅಂತ. ಹರದು ಒಗದ್ವಿ. ಎರಡನೇದು: "25 ಸೆಂ.ಮೀ. ಮಿತಿ ಓಟ ಆರಂಭವಾಗುವ ಮುಂಚೆ ಮಾತ್ರವೇ, ಓಟದ ಉದ್ದಕ್ಕೂ ಅನ್ವಯಿಸುವುದೇ?" ಕೈ ಅನ್ನೂ ಶಬ್ದನ ಇಲ್ಲ.

ಆರು ದಿನಕ್ಕ ಎಲ್ಲಾ ಶಾಲಿಗೂ ಒಂದ ಸಾಲಿನ ಉತ್ತರ ಬಂತು: ಆರಂಭಕ್ಕೆ ಮುಂಚೆ ಮಾತ್ರ. ಹುಡುಗ ಅಂಗಳದಾಗ ಕುಣದಾಡಿದ. ವೈರಿನ ಸುದ್ದಿ ಅದರಾಗ ಇರಲಿಲ್ಲ. ಅದಕ್ಕ ನಾನು ರಟ್ಟಿಂದ ಒಂದು ಡಬ್ಬಿ ಮಾಡಿಕೊಟ್ಟೆ, ಒಳಗಿನ ಅಳತಿ ಸರಿಯಾಗಿ 25. ವೈರ್ ಸಮೇತ ಅದರಾಗ ಕೂಡಬೇಕು ಅಂತ ನನ್ನ ಷರತ್ತು. ಹೊರಗ ಹಣಿಕಿ ಹಾಕೂ ವೈರ್‌ಗೆಲ್ಲಾ ಬ್ಲೌಸಿನ ಎಲಾಸ್ಟಿಕ್ ಸುತ್ತಿದ್ವಿ.

ಸ್ಪರ್ಧೆ ದಿನ ನೋಡಿದ್ರ ಕೈ ಇದ್ದ ರೋಬಾಟು ಐದು! ಆ ಉತ್ತರ ಓದಿ ಕಟ್ಟಿದ್ರೋ, ಮೊದಲ ಕಟ್ಟಿದ್ರೋ ಯಾರಿಗೆ ಗೊತ್ತು. ನಮ್ಮವನ ಮಾರಿ ಇಷ್ಟ ಆಗಿತ್ತು. ತಪಾಸಣಿಯವರು ಸ್ಕೇಲ್ ಹಿಡಕೊಂಡು ವೈರೂ ಲೆಕ್ಕಕ್ಕ ಅಂದ್ರು. ನಮ್ಮ ಮುಂದಿನ ತಂಡದ ಹುಡುಗಿಯರದು ಒಂದು ಬೆರಳು ಹೊರಗ. ಅವರ ಕಣ್ಣಾಗ ನೀರು. ನನ್ನ ಮಗ ಚೀಲದಾಗಿನ ಎಲಾಸ್ಟಿಕ್ ತಗದು ಕೊಟ್ಟ. ನಾನೇನು ಹೇಳಿರಲಿಲ್ಲ.

ಅವರು ಎರಡನೇದಕ್ಕ ಬಂದ್ರು, ನಮ್ಮವರು ನಾಲ್ಕನೇದಕ್ಕ. ಮುನಿರಾಬಾದ್ ಬರೂತನಾ ಬಸ್ಸಿನ್ಯಾಗ ಒಂದ ಮಾತು: "ಕೇಳಲಾರದ ಇದ್ದಿದ್ರ ನಾವ ಗೆಲ್ತಿದ್ವಿ ಯವ್ವಾ." ಇರಬಹುದು. ಟೇಬಲ್ ಮುಂದ ಅಡ್ಡ ಬೀಳೂದೂ ಇರಬಹುದಿತ್ತು ಅಂದೆ, ಕಿಡಕಿ ಕಡೆ ತಿರಗಿದ.

ಈ ವರ್ಷದ ನಿಯಮದ ಕಾಗದ ಮೊನ್ನೆ ಬಂದೈತಿ. "ಬ್ಯಾಟರಿ ಭದ್ರವಾಗಿರತಕ್ಕದ್ದು" ಅಂತ ಬರದಾರ. ಭದ್ರ ಅಂದ್ರ ಎಷ್ಟು ಭದ್ರ ಅಂತ ಕೇಳಿ ಪತ್ರ ಬರಿಯಾಕ ಕುಂತಾನ, ಅವರಜ್ಜ ಬಾಜೂಕ ಕುಂತು ಶಬ್ದ ತಿದ್ದಾಕತ್ಯಾರ.